ನೆಲದೊಳಗಿನ ಹಿರಿಯರು
(ಕಲ್ಮನೆ, ಬೃಂದಾವನ, ಗದ್ದುಗೆಗಳ ಪರಿಚಯ)



ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಹನುಮಪ್ಪನ ದರ್ಶನ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಬಂಡೆಯ ಮೇಲೆ ಕೂತಿದ್ದೀರಿ. ಕೆಳಗೆ ತುಂಗಭದ್ರೆ, ಹಸಿರು ಭತ್ತದ ಗದ್ದೆ, ಆಚೆ ಹಂಪಿಯ ಗೋಪುರ. ಎಲ್ಲರೂ ನೋಡುವುದು ಇದನ್ನೇ. ಆದರೆ ಈ ಸೀಮೆಯ ಇನ್ನೊಂದು ಸಂಪತ್ತು ಕಣ್ಣಿಗೆ ಕಾಣುವುದಿಲ್ಲ, ಅದು ನೆಲದ ಕೆಳಗಿದೆ. ಅತ್ತ ಹಿರೇಬೆಣಕಲ್ ಗುಡ್ಡದ ಕಲ್ಮನೆಗಳು, ಕೆಳಗೆ ಆನೆಗೊಂದಿಯ ನಡುಗಡ್ಡೆಯಲ್ಲಿ ನವಬೃಂದಾವನ, ಕೊಪ್ಪಳದಲ್ಲಿ ಗವಿಮಠದ ಗದ್ದುಗೆ. ಒಂದೇ ಜಿಲ್ಲೆಯಲ್ಲಿ ಎರಡೂವರೆ ಸಾವಿರ ವರ್ಷಕ್ಕೂ ಮಿಗಿಲಾದ ಕಾಲದಿಂದ ಜನ ತಮ್ಮ ಹಿರಿಯರನ್ನು ಮಣ್ಣಿಗೆ ಒಪ್ಪಿಸಿ, ಆ ಜಾಗಕ್ಕೆ ಮತ್ತೆ ಮತ್ತೆ ಬಂದು ಕೈ ಮುಗಿದಿದ್ದಾರೆ.

ಇವುಗಳ ಹಿಂದಿನ ಕಥೆ ಏನು, ಇವು ಯಾತಕ್ಕೆ ಇದ್ದವು, ನಾವು ಅಲ್ಲಿಗೆ ಹೋದಾಗ ಹ್ಯಾಗಿರಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಜೊತೆಗೆ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿರಿ.

ಸುಡುವುದು, ಹೂಳುವುದು

ನಮ್ಮಲ್ಲಿ ಸತ್ತವರನ್ನು ಸುಡುವುದೇ ಪದ್ಧತಿ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಸುಡುವ ಮನೆತನಗಳಲ್ಲೂ ಎಳೆಯ ಮಕ್ಕಳನ್ನು ಹೂಳುತ್ತಾರೆ, ಸನ್ಯಾಸಿಗಳನ್ನು ಹೂಳುತ್ತಾರೆ. ಲಿಂಗಾಯತರಲ್ಲಿ ಹೂಳುವುದೇ ವಾಡಿಕೆ. ಇನ್ನೂ ಅನೇಕ ಸಮುದಾಯಗಳಲ್ಲಿ ಹೂಳುವುದುಂಟು. ಮುಸಲ್ಮಾನರು, ಕ್ರೈಸ್ತರು ಸಹ ಹೂಳುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ "ಮಣ್ಣಿಗೆ ಹೋಗಿದ್ದೆ" ಅಂದರೆ ಸಾಕು, ಯಾರದೋ ಅಂತ್ಯಕ್ರಿಯೆಗೆ ಹೋಗಿ ಬಂದರು ಅಂತ ಎಲ್ಲರಿಗೂ ತಿಳಿಯುತ್ತದೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಆ ಹಿಡಿಮಣ್ಣಿಗೆ ಮೇಲು-ಕೀಳು ಇಲ್ಲ.

ಹೆಸರುಗಳನ್ನೂ ತಿಳಿದಿರಬೇಕು. "ಸಮಾಧಿ" ಎಂಬುದು ಮೊದಲಿಗೆ ಯೋಗದ ಮಾತು, ಮನಸ್ಸು ಪೂರ್ತಿ ನೆಲೆ ನಿಂತ ಸ್ಥಿತಿ. ಮಹಾತ್ಮರು ಸತ್ತರು ಅನ್ನಲು ಬಾಯಿ ಬಾರದೆ ಜನ ಅವರು ಕುಳಿತ ಗುಂಡಿಗೇ ಆ ಹೆಸರು ಕೊಟ್ಟರು. "ಗದ್ದುಗೆ" ಅಂದರೆ ಕೂರುವ ಪೀಠ, ಸಿಂಹಾಸನ. "ಬೃಂದಾವನ" ಅಂದರೆ ತುಳಸಿ ಇರುವ ಕಟ್ಟೆ. ಮೂರು ಹೆಸರಿನಲ್ಲಿ ಒಂದರಲ್ಲೂ ಸಾವು ಎಂಬ ಮಾತಿಲ್ಲ ನೋಡಿರಿ.

ಇನ್ನೊಂದು ವಿಷಯ. ನೆಟ್ಟ ಕಲ್ಲಿನ ಕೆಳಗೆಲ್ಲ ಸಮಾಧಿ ಇರುತ್ತದೆ ಅಂತಲ್ಲ. ಊರ ಮುಂದಿನ ವೀರಗಲ್ಲು ಹೋರಾಡಿ ಮಡಿದವನ ನೆನಪಿನ ಕಲ್ಲು. ಜೈನರ ನಿಷಿಧಿ ಕಲ್ಲು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿನದು. ಇವು ಸ್ಮಾರಕಗಳು, ಇವುಗಳ ಅಡಿಯಲ್ಲಿ ದೇಹ ಇರಲೇಬೇಕೆಂದಿಲ್ಲ.

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ

ಗಂಗಾವತಿಯಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ ಹಿರೇಬೆಣಕಲ್ ಊರಿದೆ. ಅಲ್ಲಿಂದ ಗುಡ್ಡದ ಮೇಲೆ ನಡೆದೇ ಹೋಗಬೇಕು. ಮೇಲೆ ಹೋದರೆ ಒಂದು ಊರೇ ಇದ್ದಂತೆ ಕಲ್ಲಿನ ಮನೆಗಳು ನಿಂತಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವು ಆಳೆತ್ತರಕ್ಕೂ ಮಿಗಿಲು, ಕೆಲವು ಮೊಣಕಾಲೆತ್ತರ. ದೊಡ್ಡದು ಸಣ್ಣದು ಸೇರಿ ಸುಮಾರು 400 ಉಳಿದಿವೆ. ಅನೇಕ ಮನೆಗಳ ಮುಂದಿನ ಚಪ್ಪಡಿಯಲ್ಲಿ ಗುಂಡಗೆ ಕೊರೆದ ಕಂಡಿ ಇದೆ.

ಸುತ್ತಲಿನ ಜನ ಇದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಮೋರ್ಯರೆಂಬ ಕುಳ್ಳ ಜನ ಇದ್ದರು, ಈ ಮನೆಗಳಲ್ಲಿ ವಾಸ ಮಾಡಿದರು ಎಂಬುದು ಹಳಬರ ಕಥೆ. ಕರ್ನಾಟಕದ ಬೇರೆ ಕಡೆ ಇಂಥವುಗಳಿಗೆ ಪಾಂಡವರ ಮನೆ, ಪಾಂಡವರ ಗುಡಿ ಅಂತಲೂ ಹೆಸರುಂಟು. ಕಥೆ ಕಥೆಯಾಗಿಯೇ ಇರಲಿ. ತಿಳಿದವರು ಪರೀಕ್ಷೆ ಮಾಡಿ ಕಂಡುಕೊಂಡದ್ದು ಏನೆಂದರೆ, ಇವು ವಾಸದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಮನೆಗಳು. ಇವು ಕಬ್ಬಿಣ ಬಳಸಲು ಕಲಿತ ಕಾಲದ ಜನರವು, ಸುಮಾರು 2,800 ವರ್ಷದಷ್ಟು ಹಳೆಯವು. ವಿದ್ವಾಂಸರು ಇವನ್ನು ಬೃಹತ್ ಶಿಲಾ ಸಮಾಧಿಗಳು ಅನ್ನುತ್ತಾರೆ.

ಯಂತ್ರವಿಲ್ಲ, ಗಾಡಿ ಹೋಗುವ ದಾರಿಯಿಲ್ಲ. ಅಂಥಲ್ಲಿ ಬಂಡೆ ಸೀಳಿ, ಚಪ್ಪಡಿ ಎಬ್ಬಿಸಿ, ಹೊತ್ತು ತಂದು ನಿಲ್ಲಿಸಿದ್ದಾರೆ. ಗುಡ್ಡದ ಮೇಲೆ ಒಂದು ಕೆರೆ ಇದೆ, ಕಲ್ಲು ತೆಗೆದ ಜಾಗವೇ ಅದು ಅನ್ನುತ್ತಾರೆ. ಹತ್ತಿರದಲ್ಲೇ ಎತ್ತರದ ಬಂಡೆಯ ಮೇಲೆ ಅರ್ಧಗೋಲದಂಥ ಕಲ್ಲಿನ ನಗಾರಿ ಇದೆ. ಬಡಿದರೆ ನಾದ ದೂರ ಹೋಗುತ್ತದೆ. ಕಲ್ಲಾಸರೆಗಳ ಗೋಡೆಯಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ. ಒಬ್ಬ ಮನುಷ್ಯನಿಂದ, ಒಂದು ಮನೆಯವರಿಂದ ಆಗುವ ಕೆಲಸ ಇದಲ್ಲ. ಊರಿಗೆ ಊರೇ ಸೇರಿ ಮಾಡಿದ್ದು. ಬದುಕಿದ್ದವರ ಮನೆ ಮಣ್ಣು ಹುಲ್ಲಿನದಿದ್ದೀತು, ಸತ್ತವರ ಮನೆ ಮಾತ್ರ ಕಲ್ಲಿನದು!

ಈ ಹಿರೇಬೆಣಕಲ್ ತಾಣ 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಬ್ರಹ್ಮಗಿರಿಯಲ್ಲಿ ಅಗೆದಾಗ ಸಿಕ್ಕಿದ್ದು

ಹಿರೇಬೆಣಕಲ್ಲಿನವು ಬಂಡೆಯ ಮೇಲೆ ನಿಂತಿವೆ. ಮಣ್ಣಿನಲ್ಲಿ ಹುಗಿದ ಅದೇ ಬಗೆಯ ಕಲ್ಲುಗೂಡುಗಳು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿವೆ. ಅಶೋಕ ಚಕ್ರವರ್ತಿಯ ಶಾಸನ ಸಿಕ್ಕ ಬ್ರಹ್ಮಗಿರಿ ಇದೇ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವ ಅಧಿಕಾರಿ ಅಲ್ಲಿ ಕ್ರಮವಾಗಿ ಅಗೆಸಿದರು.

ಏನು ಸಿಕ್ಕಿತು? ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿ ಪೆಟ್ಟಿಗೆಯಂತೆ ಮಾಡಿ ನೆಲದಲ್ಲಿ ಇಳಿಸಿದ್ದರು. ಪೂರ್ವದ ಚಪ್ಪಡಿಗೆ ಗುಂಡನೆಯ ಕಂಡಿ. ಸುತ್ತ ಕಲ್ಲಿನ ಬಳೆ. ಒಳಗೆ ಒಂದಕ್ಕಿಂತ ಹೆಚ್ಚು ಮಂದಿಯ ಮೂಳೆಗಳು, ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಸಾಮಾನು. ದೇಹವನ್ನು ನೇರವಾಗಿ ಇಟ್ಟಿರಲಿಲ್ಲ. ಮೊದಲು ಬೇರೆಡೆ ಇರಿಸಿ, ಆಮೇಲೆ ಮೂಳೆ ಆರಿಸಿ ತಂದು ಒಳಗಿಟ್ಟಿದ್ದರು. ಅಂದರೆ ಅದು ಒಬ್ಬರ ಗೋರಿಯಲ್ಲ, ಮತ್ತೆ ಮತ್ತೆ ತೆರೆದು ಹಿರಿಯರ ಜೊತೆಗೆ ಹಿರಿಯರನ್ನು ಸೇರಿಸುವ ಮನೆ. ಕಂಡಿ ಇದ್ದದ್ದು ಅದಕ್ಕಾಗಿಯೇ ಅನ್ನುತ್ತಾರೆ. ಒಳಗಿನವರಿಗೂ ಹೊರಗಿನವರಿಗೂ ನಡುವೆ ಅವರು ಗೋಡೆ ಕಟ್ಟಿದರು, ಆದರೆ ಪೂರ್ತಿ ಮುಚ್ಚಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಸಿಕ್ಕಿದ್ದರಲ್ಲಿ ಹೆಚ್ಚಿನದು ಮೂಳೆ, ಮಡಕೆ, ಕಬ್ಬಿಣ. ಕೊಪ್ಪರಿಗೆ ಬಂಗಾರವಲ್ಲ.

ಅಜ್ಜಿ ಹೇಳಿದ ಪಾಠ

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಚಿಕ್ಕವನಿದ್ದಾಗ ದನ ಕಾಯುವ ಹುಡುಗರ ಜೊತೆ ಗುಡ್ಡ ಹತ್ತಿ, ಇಂಥದೇ ಒಂದು ಕಲ್ಮನೆಯ ಹತ್ತಿರ ಬಿದ್ದಿದ್ದ ಮಡಕೆ ಚೂರು ಜೇಬಿಗೆ ಹಾಕಿಕೊಂಡು ಬಂದೆ. ಒಳಗೆ ಕರ್ರಗೆ, ಹೊರಗೆ ಕೆಂಪಗೆ, ನಯವಾಗಿತ್ತು. ರಾತ್ರಿ ಊಟದ ಹೊತ್ತಿಗೆ ಅಜ್ಜಿಗೆ ತೋರಿಸಿದೆ. ಅಜ್ಜಿ ಬೈಯಲಿಲ್ಲ. ಚೂರನ್ನು ದೀಪದ ಹತ್ತಿರ ಹಿಡಿದು ನೋಡಿ ಕೇಳಿದರು:

"ಎಲ್ಲಿತ್ತೋ ತಮ್ಮಾ ಇದು?"

"ಮೋರ್ಯರ ಮನಿ ಹತ್ರ, ಅಜ್ಜಿ."

"ಯಾರೋ ತಾಯಿ ತನ್ನ ಮಗಗ ಉಣ್ಣಾಕ ಇಟ್ಟ ಗಡಿಗಿ ಇದ್ದೀತಪ್ಪಾ. ನಾಳೆ ಹೋಗಿ ಎಲ್ಲಿತ್ತೋ ಅಲ್ಲೇ ಇಟ್ಟ ಬಾ."

ಅಜ್ಜಿಗೆ ಓದು ಬರುತ್ತಿರಲಿಲ್ಲ, ಪುರಾತತ್ವ ಎಂಬ ಶಬ್ದ ಅವರು ಕೇಳಿರಲೂ ಇಲ್ಲ. ಆದರೆ ಆ ಮಡಕೆ ಯಾತಕ್ಕೆ ಅಲ್ಲಿತ್ತು ಅಂತ ಅವರಿಗೆ ತಿಳಿದಿತ್ತು. ಮರುದಿನ ಹೋಗಿ ಇಟ್ಟು ಬಂದೆ. ದೊಡ್ಡವನಾದ ಮೇಲೆ ಪುಸ್ತಕದಲ್ಲಿ ಓದಿದಾಗ ಇನ್ನೊಂದು ಅರ್ಥವೂ ಹೊಳೆಯಿತು. ಚೂರು ಬಿದ್ದ ಜಾಗದಲ್ಲೇ ಇದ್ದರೆ ತಿಳಿದವರು ಅದರಿಂದ ಕಾಲ ಹೇಳಬಲ್ಲರು. ಜೇಬಿಗೆ ಬಂದರೆ ಅದು ಬರೀ ಒಡೆದ ಮಡಕೆ.

ಯತಿಗಳನ್ನು ಸುಡುವುದಿಲ್ಲವೇಕೆ?

ಇದು ಯಾತ್ರಿಕರು ಪದೇ ಪದೇ ಕೇಳುವ ಪ್ರಶ್ನೆ. ಉತ್ತರ ಸರಳ. ಸನ್ಯಾಸ ಸ್ವೀಕರಿಸುವಾಗಲೇ ಅವರು ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಂಡಿರುತ್ತಾರೆ. ಮನೆ, ಮಕ್ಕಳು, ಹೆಸರು, ಅಗ್ನಿಕಾರ್ಯ ಎಲ್ಲವನ್ನೂ ಬಿಟ್ಟಿರುತ್ತಾರೆ. ಅಗ್ನಿಯನ್ನೇ ಬಿಟ್ಟವರಿಗೆ ಚಿತೆ ಎಲ್ಲಿಯದು? ಅದಕ್ಕೇ ದೇಹವನ್ನು ಕುಳಿತ ಭಂಗಿಯಲ್ಲಿ ಭೂಮಿಗೆ ಇಳಿಸಿ, ಉಪ್ಪು ಮುಂತಾದ್ದನ್ನು ತುಂಬಿ ಮುಚ್ಚುತ್ತಾರೆ. ಮಾಧ್ವ ಸಂಪ್ರದಾಯದಲ್ಲಿ ಅದರ ಮೇಲೆ ತುಳಸಿಕಟ್ಟೆಯ ಆಕಾರದ ಕಲ್ಲಿನ ಬೃಂದಾವನ ನಿಲ್ಲಿಸುತ್ತಾರೆ.

ಆನೆಗೊಂದಿಯ ನವಬೃಂದಾವನ ಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳಿವೆ. ದೋಣಿಯಲ್ಲಿ ಹೋಗಬೇಕು. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು ಇಲ್ಲಿದ್ದಾರೆ. ವಿಜಯನಗರದ ಅರಸರಿಗೆ ಗುರುವಾಗಿದ್ದ, ಪುರಂದರದಾಸರಿಗೂ ಗುರುವಾಗಿದ್ದ ವ್ಯಾಸರಾಜರು 1539ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರು ಸುಧೀಂದ್ರತೀರ್ಥರೂ ಇಲ್ಲಿಯೇ ಇದ್ದಾರೆ.

ರಾಯರು 1671ರಲ್ಲಿ ಮಂತ್ರಾಲಯದಲ್ಲಿ ಸಶರೀರರಾಗಿ ಬೃಂದಾವನ ಪ್ರವೇಶಿಸಿದರು ಎಂಬುದು ಭಕ್ತರ ನಂಬಿಕೆ. ಪ್ರತಿವರ್ಷ ಶ್ರಾವಣ ಬಹುಳದಲ್ಲಿ ಮೂರು ದಿನ ಆರಾಧನೆ. ಮಂತ್ರಾಲಯಕ್ಕೆ ಹೋಗಲಾಗದವರು ಏನು ಮಾಡಬೇಕು? ಮೂಲ ಬೃಂದಾವನದ ಮೃತ್ತಿಕೆ, ಅಂದರೆ ಮಣ್ಣನ್ನು ತಂದು ತಮ್ಮ ಊರಿನಲ್ಲಿ ಪ್ರತಿಷ್ಠೆ ಮಾಡುತ್ತಾರೆ. ನಿಮ್ಮ ಊರಿನ ರಾಯರ ಮಠದಲ್ಲಿರುವುದು ಇಂಥ ಮೃತ್ತಿಕಾ ಬೃಂದಾವನವೇ. ಒಂದು ಹಿಡಿ ಮಣ್ಣು ಒಂದು ಊರಿಗೆ ಗುರುವನ್ನು ಕರೆತರುತ್ತದೆ. ನೆಲದೊಳಗಿನ ಸಮಾಧಿಗೆ ಇದಕ್ಕಿಂತ ದೊಡ್ಡ ಉಪಯೋಗ ಇನ್ನೇನಿದೆ?

ಗದ್ದುಗೆ: ಗುರು ಕುಳಿತ ಜಾಗ

ಲಿಂಗಾಯತ ಪದ್ಧತಿಯಲ್ಲಿ ಸತ್ತರು ಅನ್ನುವುದಿಲ್ಲ, ಲಿಂಗೈಕ್ಯರಾದರು ಅನ್ನುತ್ತಾರೆ. ಕುಣಿ ತೋಡಿ, ದೇಹವನ್ನು ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಕ್ರಿಯಾಸಮಾಧಿ ಮಾಡುತ್ತಾರೆ. ಬಡವನಿಗೂ ಇದೇ ಕ್ರಮ, ಮಠಾಧೀಶರಿಗೂ ಇದೇ ಕ್ರಮ. ತುಮಕೂರು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದರು, ಮರುದಿನ ಕ್ರಿಯಾಸಮಾಧಿ ನಡೆಯಿತು. ಅವರು ನಡೆಸಿದ ಅನ್ನ, ಅಕ್ಷರದ ದಾಸೋಹ ಅವರ ಗದ್ದುಗೆಯ ಸುತ್ತ ಇಂದಿಗೂ ನಡೆಯುತ್ತಿದೆ.

ಕೊಪ್ಪಳದ ಗವಿಮಠದ ಕಥೆ ಕೇಳಿರಿ. ಗುರು ಚನ್ನಬಸವ ಸ್ವಾಮಿಗಳು ತಮಗಾಗಿ ಸಮಾಧಿ ಸಿದ್ಧಮಾಡಿಸಿದ್ದರಂತೆ. ಗುರುವಿನ ಅಗಲಿಕೆ ನೋಡಲಾರದೆ ಶಿಷ್ಯ ಗವಿಸಿದ್ಧರು ತಾವೇ ಮೊದಲು ಅದರಲ್ಲಿ ಹೋಗಿ ಕುಳಿತು ಜೀವಂತ ಸಮಾಧಿಯಾದರು ಎಂಬುದು ಮಠದ ಪರಂಪರೆ. ಗವಿಯೊಳಗಿನ ಆ ಗದ್ದುಗೆಗೆ ಇಂದು ಲಕ್ಷಗಟ್ಟಲೆ ಭಕ್ತರು. ಪುಷ್ಯ ಮಾಸದ ಜಾತ್ರೆಯಲ್ಲಿ ನಡೆಯುವ ದಾಸೋಹವನ್ನು ನೋಡಿದವರೇ ಬಲ್ಲರು. ಹಳ್ಳಿ ಹಳ್ಳಿಯಿಂದ ರೊಟ್ಟಿ ಬಡಿದುಕೊಂಡು ತಂದು ಕೊಡುತ್ತಾರೆ. ಅದೇ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನೋಡಬೇಕಾದರೆ ಮೇಲಕ್ಕಲ್ಲ, ಕೆಳಕ್ಕೆ ಹೋಗಬೇಕು. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದಾಗ ಮಂಟಪ ಮುಳುಗದಂತೆ ಸುತ್ತ ದೊಡ್ಡ ಬಾವಿಯಂಥ ಗೋಡೆ ಕಟ್ಟಿ, ಇಳಿಯಲು ಮೆಟ್ಟಿಲು ಮಾಡಿದ್ದಾರೆ. ಸುತ್ತಲೂ ನೀರು, ನಡುವೆ ಕೆಳಗೆ ಮಂಟಪ. ಊರುಗಳು ಮುಳುಗಿದವು, ಹೊಲಗಳು ಮುಳುಗಿದವು, ಇದೊಂದು ಜಾಗ ಮುಳುಗಲು ಜನ ಬಿಡಲಿಲ್ಲ.

ಮೇಲೊಂದು, ಕೆಳಗೊಂದು

ವಿಜಯಪುರದ ಗೋಳಗುಮ್ಮಟವನ್ನು ನೀವು ನೋಡಿರಬಹುದು. ಪಿಸುಮಾತು ಕೇಳುವ ಗ್ಯಾಲರಿ ಹತ್ತಿ ಕೂಗಿ ಬಂದಿರಬಹುದು. ಕೆಳಗೆ ನಡುವಿನ ಕಟ್ಟೆಯ ಮೇಲೆ ಗೋರಿಗಳು ಕಾಣುತ್ತವೆ. ಬಹಳ ಮಂದಿಗೆ ತಿಳಿಯದ ಸಂಗತಿ ಏನೆಂದರೆ, ಅವು ನಿಜವಾದ ಗೋರಿಗಳಲ್ಲ, ಗುರುತಿಗಾಗಿ ಮಾಡಿದವು. 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ನಿಜವಾದ ಗೋರಿಗಳು ಅದರ ನೇರ ಕೆಳಗಿನ ನೆಲಮಾಳಿಗೆಯಲ್ಲಿವೆ. ಮೇಲೆ ಜಗತ್ತಿಗೆ ತೋರುವ ಗುಮ್ಮಟ, ಕೆಳಗೆ ಸದ್ದಿಲ್ಲದ ಮಣ್ಣು. ಕಲಬುರಗಿಯ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅವರ ದರ್ಗಾದ ಉರುಸಿಗೆ ಎಲ್ಲ ಜಾತಿ ಮತದವರೂ ಇಂದಿಗೂ ಹೋಗುತ್ತಾರೆ. ಕಲ್ಮನೆ, ಗದ್ದುಗೆ, ಬೃಂದಾವನ, ದರ್ಗಾ ಎಂದು ಹೆಸರು ಬೇರೆ, ಕಟ್ಟಿದ ಬಗೆ ಬೇರೆ. ಹೋಗಿ ತಲೆ ಬಾಗುವ ಮನಸ್ಸು ಒಂದೇ.

2019ರ ನೋವು

ಈಗ ಮನಸ್ಸಿಗೆ ನೋವಾಗುವ ಮಾತು ಹೇಳಲೇಬೇಕು. 2019ರ ಜುಲೈ ತಿಂಗಳಲ್ಲಿ ಒಂದು ರಾತ್ರಿ ಕೆಲವರು ನವಬೃಂದಾವನ ಗಡ್ಡೆಗೆ ನುಗ್ಗಿ ವ್ಯಾಸರಾಜರ ಬೃಂದಾವನವನ್ನು ಒಡೆದು, ಕೆಳಗೆ ಅಗೆದರು. ಬೆಳಗ್ಗೆ ನೋಡಿದವರು ಕಣ್ಣೀರಿಟ್ಟರು. ನಿಧಿಯ ಆಸೆಗೆ ಮಾಡಿದ್ದೆಂದು ಪೊಲೀಸರು ಹೇಳಿ, ಆರೋಪಿಗಳನ್ನು ಹಿಡಿದರು. ಸುದ್ದಿ ತಿಳಿದ ಕೂಡಲೇ ಮಠಾಧೀಶರು, ಭಕ್ತರು ಧಾವಿಸಿ ಬಂದರು. ಚೆಲ್ಲಾಪಿಲ್ಲಿಯಾದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸಿ ಒಂದೆರಡು ದಿನದೊಳಗೆ ಬೃಂದಾವನವನ್ನು ಮತ್ತೆ ನಿಲ್ಲಿಸಿದರು.

ಒಂದು ಕ್ಷಣ ಯೋಚನೆ ಮಾಡಿರಿ. ಮನೆ ಬಿಟ್ಟವರು, ಹೊನ್ನು ಬಿಟ್ಟವರು, ಮೈಮೇಲೆ ಕಾವಿ ಬಿಟ್ಟರೆ ಬೇರೇನೂ ಇಲ್ಲದವರು. ಎಲ್ಲ ಬಿಟ್ಟವರ ಸಮಾಧಿಯಲ್ಲಿ ಬಂಗಾರ ಎಲ್ಲಿಂದ ಬಂದೀತು? ಕಲ್ಮನೆಗಳ ಗತಿಯೂ ಇದೇ. ನಮ್ಮ ನಾಡಿನ ಎಷ್ಟೋ ಕಲ್ಮನೆಗಳ ಚಪ್ಪಡಿ ಬಿದ್ದಿರುವುದು ಗಾಳಿ ಮಳೆಯಿಂದಲ್ಲ, ನಿಧಿಗಳ್ಳರ ಹಾರೆಯಿಂದ. ಅಮಾವಾಸ್ಯೆ ರಾತ್ರಿ ಅಗೆದವರಿಗೆ ಸಿಕ್ಕಿದ್ದು ಮೂಳೆ, ಮಡಕೆ ಚೂರು. ಅದನ್ನು ಅಲ್ಲೇ ಎಸೆದು ಹೋಗುತ್ತಾರೆ. ಎರಡು ಸಾವಿರ ವರ್ಷ ಉಳಿದದ್ದು ಒಂದು ರಾತ್ರಿಯಲ್ಲಿ ಹೋಗುತ್ತದೆ.

ಕಾನೂನು ಕೂಡ ಇದೆ. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಂಥ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ನೆಲದಲ್ಲಿ ಅಕಸ್ಮಾತ್ ನಿಧಿ ಸಿಕ್ಕರೂ ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕೇ ವಿನಾ ಇಟ್ಟುಕೊಳ್ಳುವಂತಿಲ್ಲ.

ದರ್ಶನಕ್ಕೆ ಹೋದಾಗ ನೆನಪಿಡಿ

1. ಬೃಂದಾವನ, ಗದ್ದುಗೆಗಳನ್ನು ಅಲ್ಲಿಯ ಅರ್ಚಕರು ಹೇಳಿದಷ್ಟು ದೂರದಿಂದಲೇ ನೋಡಿ, ಪ್ರದಕ್ಷಿಣೆ ಮಾಡಿರಿ. ಮುಟ್ಟುವ ಆಸೆ ಬೇಡ.

2. ಕಲ್ಮನೆಯ ಚಪ್ಪಡಿಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ನಿಂತ ಕಲ್ಲಿಗೆ ಒರಗಬೇಡಿ. ಜಾರಿದರೆ ಕಲ್ಲಿಗೂ ಅಪಾಯ, ನಿಮಗೂ ಅಪಾಯ.

3. ಮಡಕೆ ಚೂರು, ಮಣಿ, ಕಲ್ಲು ಏನು ಕಂಡರೂ ಇದ್ದಲ್ಲೇ ಇರಲಿ. ಮಕ್ಕಳ ಜೇಬು ನೋಡಿಕೊಂಡು ಕರೆದುಕೊಂಡು ಬನ್ನಿರಿ.

4. ಗೋಡೆ, ಬಂಡೆಗಳ ಮೇಲೆ ಹೆಸರು ಕೆತ್ತುವುದು, ಬಣ್ಣ ಬರೆಯುವುದು ಬೇಡ. ಅಲ್ಲಿ ಮಲಗಿದವರೇ ತಮ್ಮ ಹೆಸರು ಬರೆದುಕೊಂಡಿಲ್ಲ.

5. ಕಲ್ಲಿನ ನಗಾರಿಯನ್ನು ಕಲ್ಲಿನಿಂದ ಬಡಿಯಬೇಡಿ.

6. ಹೊಸದಾಗಿ ಅಗೆದ ಗುಂಡಿ, ಎತ್ತಿಟ್ಟ ಚಪ್ಪಡಿ ಕಂಡರೆ ಊರಿನವರಿಗೆ, ಪೊಲೀಸರಿಗೆ ತಿಳಿಸಿರಿ. ನಮಗ್ಯಾಕೆ ಬೇಕು ಅಂತ ಬರಬೇಡಿ.

7. ಮಳೆಗಾಲದಲ್ಲಿ ಹೊಳೆ ತುಂಬಿದಾಗ ನವಬೃಂದಾವನಕ್ಕೆ ದೋಣಿ ಬಿಡುವುದಿಲ್ಲ. ಹಟ ಮಾಡಬೇಡಿ. ದಡದಲ್ಲೇ ನಿಂತು ಕೈ ಮುಗಿದರೂ ಗುರುಗಳಿಗೆ ಮುಟ್ಟುತ್ತದೆ.

ಕೊನೆಯ ಮಾತು

ಯಾತ್ರಿಕರೇ, ಕಲ್ಮನೆಗೆ ಕಂಡಿ ಬಿಟ್ಟರು. ಬೃಂದಾವನದ ಮೇಲೆ ತುಳಸಿ ನೆಟ್ಟರು. ಐಕ್ಯಮಂಟಪಕ್ಕೆ ಮೆಟ್ಟಿಲು ಇಳಿಸಿದರು. ಹೋದವರ ಜೊತೆ ಮಾತು ನಿಲ್ಲಬಾರದು ಎಂಬುದೇ ಇದೆಲ್ಲದರ ಅರ್ಥ. ಹಿರಿಯರು ನೆಲದೊಳಗೆ ಇಟ್ಟದ್ದು ಬಂಗಾರವನ್ನಲ್ಲ, ಸಂಬಂಧವನ್ನು. ಅದನ್ನು ಅಗೆದು ತೆಗೆಯಲಾಗುವುದಿಲ್ಲ, ಕಾಯ್ದುಕೊಳ್ಳಬಹುದು ಅಷ್ಟೇ.

ಬೆಟ್ಟ ಇಳಿಯುವಾಗ ನಿಧಾನವಾಗಿ ಇಳಿಯಿರಿ. ಊರಿಗೆ ಹೋದ ಮೇಲೆ ನಿಮ್ಮ ಹೊಲದ ಬದುವಿನಲ್ಲೋ, ಊರ ಹೊರಗಿನ ಮಣ್ಣಿನಲ್ಲೋ ಇರುವ ನಿಮ್ಮ ಮನೆಯ ಹಿರಿಯರ ಜಾಗಕ್ಕೆ ಒಮ್ಮೆ ಹೋಗಿ ಬನ್ನಿರಿ. ಮುಳ್ಳುಕಂಟಿ ಬೆಳೆದಿದ್ದರೆ ಕಿತ್ತು ಹಸನು ಮಾಡಿ, ಒಂದು ದೀಪ ಹಚ್ಚಿರಿ. ಈ ಯಾತ್ರೆಯ ಫಲ ಅಲ್ಲಿ ಪೂರ್ತಿಯಾಗುತ್ತದೆ.

ಶುಭಮಸ್ತು.